ಅಮಾಕ್ಸಿಸಿಲಿನ್: ಯಾರಿಗೆ ಬರೆದ ಗುಳಿಗೆಯೋ ಅವರೇ ನುಂಗಬೇಕು

(ಒಳರೋಗಿಗಳು ಹಾಗೂ ಅವರ ಜೊತೆಗೆ ಬಂದವರಿಗಾಗಿ ನಡೆಯುವ ಆರೋಗ್ಯ ಶಿಕ್ಷಣ ಮಾಲಿಕೆಯಲ್ಲಿ ಆಸ್ಪತ್ರೆಯ ಶುಶ್ರೂಷಾ ಶಿಕ್ಷಕಿಯವರು ನೀಡಿದ ಉಪನ್ಯಾಸದ ಬರಹರೂಪ)



ಬೆಳಗಿನ ರೌಂಡ್ಸ್ ಮುಗಿದಿದೆ, ಊಟದ ಗಂಟೆಗೆ ಇನ್ನೂ ಸ್ವಲ್ಪ ಹೊತ್ತು ಇದೆ. ಈ ಹೊತ್ತಿನಲ್ಲಿ ಒಂದೇ ಒಂದು ಔಷಧಿಯ ಬಗ್ಗೆ ನಿಮ್ಮೊಡನೆ ಮಾತನಾಡುತ್ತೇನೆ. ಅದರ ಹೆಸರು ಅಮಾಕ್ಸಿಸಿಲಿನ್. ಹೆಸರು ಉದ್ದವಾದರೂ ಔಷಧಿ ನಿಮಗೆ ಹೊಸದಲ್ಲ. ಗಂಟಲು ನೋವು, ಕಿವಿ ಸೋರುವುದು, ಹಲ್ಲಿನ ಬಾವು ಎಂದು ಬಂದವರಲ್ಲಿ ಎಷ್ಟೋ ಜನರ ಚೀಟಿಯಲ್ಲಿ ಇದು ಇರುತ್ತದೆ. ದೊಡ್ಡವರಿಗೆ ಕ್ಯಾಪ್ಸೂಲು, ಮಕ್ಕಳಿಗೆ ನೀರು ಬೆರೆಸಿ ಕುಲುಕುವ ಸಿರಪ್ಪು ಅಥವಾ ಚಮಚದ ನೀರಿನಲ್ಲಿ ಕರಗುವ ಚಿಕ್ಕ ಗುಳಿಗೆ. ಮಾಕ್ಸ್, ನೋವಾಮಾಕ್ಸ್ ಎಂದು ಕಂಪನಿಗಳು ಬೇರೆ ಬೇರೆ ಹೆಸರು ಇಟ್ಟಿವೆ. ಹಾಳೆಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ನೋಡಿದರೆ ಒಳಗಿರುವುದು ಅದೇ ಅಮಾಕ್ಸಿಸಿಲಿನ್.

ಇದು ಅಗ್ಗದ ಔಷಧಿ, ಒಳ್ಳೆಯ ಔಷಧಿ. ಆದರೆ ಇದು ನಾಳೆಯೂ ಕೆಲಸ ಮಾಡಬೇಕಾದರೆ ನಾವು ಇಂದು ಇದನ್ನು ಸರಿಯಾಗಿ ಬಳಸಬೇಕು. ಅದು ವೈದ್ಯರೊಬ್ಬರಿಂದ ಆಗುವ ಕೆಲಸವಲ್ಲ. ಮನೆಯಲ್ಲಿ ಗುಳಿಗೆ ಕೊಡುವ ತಾಯಿ, ಅಕ್ಕ, ಸೊಸೆ, ಮಗ ಇವರೆಲ್ಲರ ಕೈಯಲ್ಲಿ ಆ ಕೆಲಸ ಇದೆ. ಅದಕ್ಕಾಗಿಯೇ ಈ ಮಾತನ್ನು ರೋಗಿಗಳ ಜೊತೆಗೆ ನಿಮಗೂ ಹೇಳುತ್ತಿದ್ದೇನೆ.

ಇದು ಎಲ್ಲಿಂದ ಬಂತು?

1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವೈದ್ಯ ವಿಜ್ಞಾನಿ ರೋಗಾಣು ಬೆಳೆಸಿದ್ದ ಒಂದು ಗಾಜಿನ ತಟ್ಟೆಯಲ್ಲಿ ಬೂಸ್ಟು ಹಿಡಿದಿರುವುದನ್ನು ಕಂಡರು. ರೊಟ್ಟಿ ಹಳಸಿದರೆ ಬೂಸ್ಟು ಬರುತ್ತದಲ್ಲ, ಹಾಗೆ. ಆ ಬೂಸ್ಟಿನ ಸುತ್ತ ರೋಗಾಣುಗಳು ಸತ್ತಿದ್ದವು. ಬೂಸ್ಟಿನಿಂದ ಬಂದ ಆ ವಸ್ತುವಿಗೆ ಅವರು ಪೆನಿಸಿಲಿನ್ ಎಂದು ಹೆಸರಿಟ್ಟರು. ಅದನ್ನು ರೋಗಿಗಳಿಗೆ ಕೊಡಬಹುದಾದ ಔಷಧಿಯಾಗಿ ಮಾಡಿದವರು ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್ ಮತ್ತು ಅವರ ಜೊತೆಗಾರರು. ಮೂವರಿಗೂ 1945ರಲ್ಲಿ ನೊಬೆಲ್ ಬಹುಮಾನ ಬಂತು.

1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಮುಖಕ್ಕೆ ಸೋಂಕು ತಗುಲಿ ಕೀವು ತುಂಬಿ ಸಾವಿನ ಅಂಚಿನಲ್ಲಿದ್ದ ಒಬ್ಬ ಪೊಲೀಸರಿಗೆ ಈ ಪೆನಿಸಿಲಿನ್ ಕೊಟ್ಟರು. ಒಂದೇ ದಿನದಲ್ಲಿ ಜ್ವರ ಇಳಿಯತೊಡಗಿತು, ಅವರು ಊಟ ಮಾಡಿದರು. ಆದರೆ ಆಗ ಔಷಧಿ ಇದ್ದದ್ದೇ ಬಹಳ ಕಡಿಮೆ. ಅವರ ಮೂತ್ರದಲ್ಲಿ ಹೊರಬಂದ ಪೆನಿಸಿಲಿನ್ನನ್ನೂ ಬೇರ್ಪಡಿಸಿ ಮತ್ತೆ ಕೊಟ್ಟರು. ಕೆಲವೇ ದಿನಗಳಲ್ಲಿ ಅದೂ ಮುಗಿಯಿತು. ಸೋಂಕು ಮತ್ತೆ ಏರಿತು. ಮಾರ್ಚ್ ತಿಂಗಳಲ್ಲಿ ಅವರು ತೀರಿಕೊಂಡರು.

ಇದನ್ನು ಯಾಕೆ ಹೇಳಿದೆನೆಂದರೆ, ಅವರಿಗೆ ಔಷಧಿ ನಡುವೆ ನಿಂತದ್ದು ಎಲ್ಲೂ ಸಿಗದ ಕಾರಣಕ್ಕೆ. ಇಂದು ನಮ್ಮಲ್ಲಿ ಔಷಧಿ ಮನೆಯಲ್ಲಿಯೇ ಇದ್ದೂ ನಡುವೆ ನಿಲ್ಲುತ್ತದೆ. ಜ್ವರ ಇಳಿಯಿತು, ಇನ್ನು ಯಾಕೆ ಎಂದು ನಾವೇ ನಿಲ್ಲಿಸುತ್ತೇವೆ.

ಅಮಾಕ್ಸಿಸಿಲಿನ್ ಅದೇ ಪೆನಿಸಿಲಿನ್ ಮನೆತನದ್ದು. 1972ರಲ್ಲಿ ಬಳಕೆಗೆ ಬಂತು. ಬಾಯಿಂದ ನುಂಗಿದರೂ ಹೊಟ್ಟೆಯ ಆಮ್ಲದಲ್ಲಿ ಹಾಳಾಗದೆ ಚೆನ್ನಾಗಿ ರಕ್ತ ಸೇರುವುದು ಇದರ ದೊಡ್ಡ ಗುಣ. ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಿಗಳ ಪಟ್ಟಿಯಲ್ಲೂ ಇದೆ, ನಮ್ಮ ದೇಶದ ಅವಶ್ಯಕ ಔಷಧಿಗಳ ಪಟ್ಟಿಯಲ್ಲೂ ಇದೆ.

ಇದು ಹೇಗೆ ಕೆಲಸ ಮಾಡುತ್ತದೆ?

ಬ್ಯಾಕ್ಟೀರಿಯಾ ಎಂಬುದು ಕಣ್ಣಿಗೆ ಕಾಣದ ಸಣ್ಣ ಜೀವಿ. ಅದರ ಮೈ ಸುತ್ತ ಒಂದು ಗಟ್ಟಿ ಗೋಡೆ ಇರುತ್ತದೆ. ಅದು ಬೆಳೆದು ಒಂದು ಎರಡಾಗುವಾಗ ಹೊಸ ಗೋಡೆ ಕಟ್ಟಿಕೊಳ್ಳಬೇಕು. ಆ ಗೋಡೆಗೆ ಗಾರೆ ಹಿಡಿಯದಂತೆ ಅಮಾಕ್ಸಿಸಿಲಿನ್ ತಡೆಯುತ್ತದೆ. ಗೋಡೆ ಸಡಿಲವಾಗಿ ಹೊರಗಿನ ನೀರು ಒಳನುಗ್ಗಿ ರೋಗಾಣು ಒಡೆದು ಸಾಯುತ್ತದೆ. ನಮ್ಮ ದೇಹದ ಜೀವಕೋಶಗಳಿಗೆ ಇಂಥ ಗೋಡೆ ಇಲ್ಲ. ಆದ್ದರಿಂದ ನಮಗೆ ಇದರಿಂದ ಅಪಾಯ ಕಡಿಮೆ.

ನೆಗಡಿ, ಫ್ಲೂ, ಡೆಂಗ್ಯೂ, ಚಿಕುನ್‌ಗುನ್ಯ ತರುವುದು ವೈರಸ್. ವೈರಸ್‌ಗೂ ಈ ಗೋಡೆ ಇಲ್ಲ. ಒಡೆಯಲು ಗೋಡೆಯೇ ಇಲ್ಲದ ಮೇಲೆ ಈ ಗುಳಿಗೆ ಎಷ್ಟು ನುಂಗಿದರೂ ವೈರಸ್ ಸಾಯುವುದಿಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ಉಳಿದರೆ ಅರ್ಧ ಉಪನ್ಯಾಸ ತಿಳಿದಂತೆ.

ಹೈನು ಮಾಡುವವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಕೆಚ್ಚಲು ಬಾವಿಗೆ ಇಂಥ ಔಷಧಿ ಕೊಟ್ಟ ಎಮ್ಮೆಯ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾಗಳೇ, ಅವು ಒಳ್ಳೆಯವು. ಔಷಧಿಗೆ ಒಳ್ಳೆಯದು ಕೆಟ್ಟದ್ದು ಎಂಬ ಭೇದ ತಿಳಿಯದು. ನಮ್ಮ ಕರುಳಿನಲ್ಲಿಯೂ ಒಳ್ಳೆಯ ಬ್ಯಾಕ್ಟೀರಿಯಾಗಳು ಇವೆ. ಅನಗತ್ಯವಾಗಿ ಗುಳಿಗೆ ನುಂಗಿದರೆ ಅವೂ ಸಾಯುತ್ತವೆ. ಕೆಲವರಿಗೆ ಭೇದಿ ಆಗುವುದು ಇದರಿಂದಲೇ.

ಯಾವ ಕಾಯಿಲೆಗೆ ಇದು ಬೇಕು?

ವೈದ್ಯರು ಪರೀಕ್ಷಿಸಿ ಬ್ಯಾಕ್ಟೀರಿಯಾ ಸೋಂಕು ಎಂದು ಕಂಡಾಗ ಮುಖ್ಯವಾಗಿ ಇವುಗಳಿಗೆ ಕೊಡುತ್ತಾರೆ:

1. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ಬೇನೆ, ಟಾನ್ಸಿಲ್ ಬಾವು.
2. ಮಕ್ಕಳ ಕಿವಿಯ ಒಳಭಾಗದ ಸೋಂಕು.
3. ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಸೋಂಕು.
4. ಬಹಳ ದಿನ ಬಿಡದ ಅಥವಾ ತೀವ್ರವಾದ ಸೈನಸ್ ಸೋಂಕು.
5. ಹಲ್ಲಿನ ಬುಡದಲ್ಲಿ ಕೀವು. ಇಲ್ಲಿ ಗುಳಿಗೆಯೊಂದೇ ಸಾಲದು. ಹಲ್ಲಿನ ವೈದ್ಯರು ಕೀವು ತೆಗೆಯಬೇಕು, ಹಲ್ಲಿಗೆ ಚಿಕಿತ್ಸೆ ಮಾಡಬೇಕು.
6. ಹೆಲಿಕೊಬ್ಯಾಕ್ಟರ್ ಎಂಬ ರೋಗಾಣುವಿನಿಂದ ಆಗುವ ಹೊಟ್ಟೆಯ ಹುಣ್ಣು. ಇದಕ್ಕೆ ಬೇರೆ ಔಷಧಿಗಳ ಜೊತೆ ಸೇರಿಸಿ ಕೊಡುತ್ತಾರೆ.

ಇವುಗಳಲ್ಲಿ ಎರಡನ್ನು ಸ್ವಲ್ಪ ವಿವರಿಸುತ್ತೇನೆ.

ಮೊದಲನೆಯದು ಗಂಟಲು ಬೇನೆ. ಹೆಚ್ಚಿನ ಗಂಟಲು ಬೇನೆ ವೈರಸ್‌ನಿಂದ ಬರುತ್ತದೆ. ಮೂಗು ಸೋರುವುದು, ಕೆಮ್ಮು, ದನಿ ಒಡೆಯುವುದು ಜೊತೆಗಿದ್ದರೆ ಸಾಮಾನ್ಯವಾಗಿ ಅದು ವೈರಸ್. ಆದರೆ 5ರಿಂದ 15 ವರ್ಷದ ಮಗುವಿಗೆ ಜೋರು ಜ್ವರ, ನುಂಗಲಾರದ ನೋವು, ಟಾನ್ಸಿಲ್ ಮೇಲೆ ಬಿಳಿ ಕೀವು, ಕುತ್ತಿಗೆಯಲ್ಲಿ ಮುಟ್ಟಿದರೆ ನೋಯುವ ಗಂಟು ಇದ್ದು, ಕೆಮ್ಮು ಇಲ್ಲದಿದ್ದರೆ ಮನೆಯಲ್ಲಿ ಉಪ್ಪುನೀರಿನ ಮುಕ್ಕಳಿಕೆ ಮಾಡಿಸುತ್ತ ದಿನ ಕಳೆಯಬೇಡಿ. ವೈದ್ಯರಿಗೆ ತೋರಿಸಿ. ಇಂಥ ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಸರಿಯಾದ ಚಿಕಿತ್ಸೆ ಆಗದಿದ್ದರೆ ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಕೀಲುಗಳು ಬಾಯುತ್ತವೆ, ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡುತ್ತದೆ. ಕೀಲಿನ ನೋವು ಹೋಗುತ್ತದೆ. ಆದರೆ ಹೃದಯದ ಕವಾಟಕ್ಕೆ ಆದ ಪೆಟ್ಟು ಉಳಿಯಬಹುದು. ಅಂಥ ಮಗು ದೊಡ್ಡದಾದ ಮೇಲೆ ಮೆಟ್ಟಿಲು ಹತ್ತಿದರೆ ತೇಕುತ್ತದೆ. ಹೆಣ್ಣುಮಕ್ಕಳಾದರೆ ಬಸುರಿಯಾದಾಗ ತೊಂದರೆ ಎದ್ದು ಕಾಣುತ್ತದೆ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳಲು ವರ್ಷಗಟ್ಟಲೆ ದವಾಖಾನೆಗೆ ಬರುವವರನ್ನು ನೀವು ನೋಡಿರಬಹುದು. ಅವರಲ್ಲಿ ಬಹಳ ಜನರ ಕಾಯಿಲೆ ಒಂದು ಗಂಟಲು ಬೇನೆಯಿಂದ ಶುರುವಾದದ್ದು. ಅದಕ್ಕೇ ಈ ಗಂಟಲು ಬೇನೆಗೆ ಸಾಮಾನ್ಯವಾಗಿ 10 ದಿನ ಗುಳಿಗೆ ಬರೆಯುತ್ತಾರೆ. ಮೂರನೇ ದಿನಕ್ಕೆ ಮಗು ಆಡಲು ಓಡಿದರೂ 10 ದಿನ ಕೊಡಬೇಕು.

ಎರಡನೆಯದು ಮಕ್ಕಳ ನ್ಯುಮೋನಿಯಾ. ಕೆಮ್ಮು ಇರುವ ಮಗು ಮಲಗಿದಾಗ ಅಥವಾ ಸುಮ್ಮನಿರುವಾಗ ಅಂಗಿ ಎತ್ತಿ ಗಡಿಯಾರ ನೋಡುತ್ತ ಪೂರಾ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2 ತಿಂಗಳಿಂದ 1 ವರ್ಷದೊಳಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಅದೇ ದಿನ ವೈದ್ಯರಿಗೆ ತೋರಿಸಬೇಕು. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಮಗು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ, ತುಟಿ ನೀಲಿಯಾದರೆ ಒಂದು ಗಳಿಗೆಯೂ ಕಾಯಬಾರದು, 108ಕ್ಕೆ ಕರೆ ಮಾಡಿ. ತೀವ್ರವಲ್ಲದ ನ್ಯುಮೋನಿಯಾ ಆದರೆ ಮನೆಯಲ್ಲೇ ಬಾಯಿಂದ ಕೊಡುವ ಅಮಾಕ್ಸಿಸಿಲಿನ್ ಸಾಕಾಗುತ್ತದೆ. ಎಷ್ಟೋ ಕೂಸುಗಳ ಜೀವ ಉಳಿಸಿರುವ ಔಷಧಿ ಇದು.

ಯಾವುದಕ್ಕೆ ಬೇಡ?

ನೆಗಡಿಗೆ ಬೇಡ. ಸಿಂಬಳ ಹಳದಿಯಾಗಿದೆ, ಹಸಿರಾಗಿದೆ ಎಂದ ಮಾತ್ರಕ್ಕೆ ಅದು ಬ್ಯಾಕ್ಟೀರಿಯಾ ಅಲ್ಲ. ನೆಗಡಿ ಮಾಗುವಾಗ ಹಾಗಾಗುವುದು ಸಹಜ. ಫ್ಲೂ ಜ್ವರಕ್ಕೆ, ಡೆಂಗ್ಯೂಗೆ, ಚಿಕುನ್‌ಗುನ್ಯಕ್ಕೆ ಬೇಡ. ಮಕ್ಕಳ ನೀರು ಭೇದಿಗೆ ಬೇಕಾದದ್ದು ಓಆರ್‌ಎಸ್ ಮತ್ತು ಸತುವಿನ ಗುಳಿಗೆ. ಮೈಕೈ ನೋವಿಗೆ, ತಲೆನೋವಿಗೆ ಬೇಡ. ಇದು ಜ್ವರ ಇಳಿಸುವ ಗುಳಿಗೆ ಅಲ್ಲ, ನೋವಿನ ಗುಳಿಗೆಯೂ ಅಲ್ಲ. ಕ್ಷಯರೋಗವೂ ಇದರಿಂದ ಗುಣವಾಗುವುದಿಲ್ಲ. ಎರಡು ವಾರ ಮೀರಿದ ಕೆಮ್ಮು ಇದ್ದವರು ಅಂಗಡಿಯ ಗುಳಿಗೆ ನುಂಗುತ್ತ ಕೂರದೆ ಕಫ ಪರೀಕ್ಷೆ ಮಾಡಿಸಬೇಕು.

ಉರಿಮೂತ್ರಕ್ಕೂ ಹಿಂದೆ ಇದನ್ನು ಕೊಡುತ್ತಿದ್ದರು. ಈಗ ಆ ಸೋಂಕು ತರುವ ರೋಗಾಣುಗಳಲ್ಲಿ ಬಹಳಷ್ಟು ಇದಕ್ಕೆ ಬಗ್ಗುವುದಿಲ್ಲ. ಆದ್ದರಿಂದ ಮೂತ್ರ ಪರೀಕ್ಷೆ ಮಾಡಿ ಬೇರೆ ಔಷಧಿ ಬರೆಯುತ್ತಾರೆ. ಒಂದು ಒಳ್ಳೆಯ ಔಷಧಿ ಹೀಗೆ ಒಂದೊಂದೇ ಕಾಯಿಲೆಗೆ ನಿಷ್ಪ್ರಯೋಜಕವಾಗುತ್ತ ಬರುತ್ತದೆ.

ಎಂಟು ಗಂಟೆಗೊಮ್ಮೆ ಯಾಕೆ? ಎಷ್ಟು ದಿನ?

ಅಮಾಕ್ಸಿಸಿಲಿನ್ ನುಂಗಿದ ಮೇಲೆ ಬೇಗ ರಕ್ತ ಸೇರುತ್ತದೆ, ಅಷ್ಟೇ ಬೇಗ ಮೂತ್ರದ ಮೂಲಕ ಹೊರಗೆ ಹೋಗುತ್ತದೆ. ಆರೆಂಟು ಗಂಟೆಯಲ್ಲಿ ಅದರ ಬಹುಪಾಲು ದೇಹದಲ್ಲಿ ಇರುವುದಿಲ್ಲ. ಇತ್ತ ರೋಗಾಣು ಸುಮ್ಮನೆ ಕೂಡುವುದಿಲ್ಲ. ಪ್ರಯೋಗಾಲಯದಲ್ಲಿ ಎಲ್ಲ ಅನುಕೂಲ ಇದ್ದರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಆ ಲೆಕ್ಕದಲ್ಲಿ ಒಂದು ರೋಗಾಣು 8 ಗಂಟೆಯಲ್ಲಿ 1 ಕೋಟಿ 67 ಲಕ್ಷ ಮೀರುತ್ತದೆ. ದೇಹದೊಳಗೆ ಅಷ್ಟು ವೇಗ ಇರುವುದಿಲ್ಲ, ಆದರೂ ಲೆಕ್ಕ ಅರ್ಥವಾಯಿತಲ್ಲ? ಒಂದು ಡೋಸು ತಪ್ಪಿದರೆ ರೋಗಾಣುವಿಗೆ ಮತ್ತೆ ಬೆಳೆಯಲು ಹೊತ್ತು ಸಿಗುತ್ತದೆ.

ಆದ್ದರಿಂದ ಚೀಟಿಯಲ್ಲಿ ದಿನಕ್ಕೆ ಮೂರು ಸಲ ಎಂದಿದ್ದರೆ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಸಮಯ ಮಾಡಿಕೊಳ್ಳಿ. ಎರಡು ಸಲ ಎಂದಿದ್ದರೆ 12 ಗಂಟೆಗೊಮ್ಮೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಡೋಸು ಹತ್ತಿರ ಹತ್ತಿರ ತೆಗೆದುಕೊಂಡು ರಾತ್ರಿಯೆಲ್ಲ ಖಾಲಿ ಬಿಡುವುದು ಸರಿಯಲ್ಲ. ಓದು ಬರಹ ಬಾರದ ಹಿರಿಯರಿಗೆ ಕ್ಯಾಲೆಂಡರಿನ ಮೇಲೆ ನುಂಗಿದಾಗಲೆಲ್ಲ ಒಂದು ಗೀಟು ಎಳೆಯಲು ಹೇಳಿ. ಒಂದು ಡೋಸು ಮರೆತರೆ ನೆನಪಾದ ಕೂಡಲೆ ತೆಗೆದುಕೊಳ್ಳಿ. ಮುಂದಿನ ಡೋಸಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡಿ. ಎರಡು ಒಟ್ಟಿಗೆ ನುಂಗಬೇಡಿ.

ಎಷ್ಟು ದಿನ ಎಂಬುದು ಕಾಯಿಲೆಯ ಮೇಲೆ ಇದೆ. ಹಿಂದೆ ಎಲ್ಲದಕ್ಕೂ ಉದ್ದ ಕೋರ್ಸು ಬರೆಯುತ್ತಿದ್ದರು. ಈಗ ಅಧ್ಯಯನಗಳಿಂದ ಕೆಲವು ಕಾಯಿಲೆಗಳಿಗೆ ಕಡಿಮೆ ದಿನ ಸಾಕೆಂದು ತಿಳಿದಿದೆ. ಒಬ್ಬರಿಗೆ 5 ದಿನ, ಇನ್ನೊಬ್ಬರಿಗೆ 10 ದಿನ ಬರೆದರೆ ಅದರಲ್ಲಿ ತಪ್ಪಿಲ್ಲ. ಪಕ್ಕದ ಮಂಚದವರ ಚೀಟಿ ನೋಡಿ ನಿಮ್ಮದನ್ನು ಅಳೆಯಬೇಡಿ. ನಿಮಗೆ ಎಷ್ಟು ದಿನ ಬರೆದಿದೆಯೋ ಅಷ್ಟು ದಿನ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ನಡುವೆ ನಿಲ್ಲಿಸಬೇಕೆನಿಸಿದರೆ ವೈದ್ಯರನ್ನು ಕೇಳಿ ನಿಲ್ಲಿಸಿ.

ಉಳಿದ ಗುಳಿಗೆ

ವಾರ್ಡಿನಲ್ಲಿ ಹೊಸ ರೋಗಿ ಬಂದಾಗ ಮನೆಯಿಂದ ತಂದ ಔಷಧಿ ತೋರಿಸಲು ಹೇಳುತ್ತೇವೆ. ಒಮ್ಮೆ ಒಬ್ಬ ಹಿರಿಯರ ಕೈಚೀಲದಲ್ಲಿ ಅರ್ಧರ್ಧ ಖಾಲಿಯಾದ ನಾಲ್ಕು ಹಾಳೆ ಗುಳಿಗೆ ಇದ್ದವು. "ಅಜ್ಜಾರ, ಇವು ಯಾರ ಗುಳಿಗಿ?" ಎಂದು ಕೇಳಿದೆ.

"ಮೊಮ್ಮಗಂದು ಒಂದು, ಸೊಸಿದು ಒಂದು. ಉಳದಿದ್ವು ತಂಗಿ. ರೊಕ್ಕಾ ಕೊಟ್ಟು ತಂದದ್ದು, ಚೆಲ್ಲೂದು ಯಾಕಂತ ಕೆಮ್ಮು ಬಂದಾಗ ಒಂದೊಂದು ನುಂಗತಿದ್ದೆ" ಎಂದರು.

ಅವರ ಮಾತಿನಲ್ಲಿ ಕೆಟ್ಟ ಉದ್ದೇಶ ಏನೂ ಇಲ್ಲ. ಅನ್ನ ಚೆಲ್ಲಬಾರದು ಎಂದು ಕಲಿತ ಜನ ನಾವು, ಗುಳಿಗೆಯನ್ನೂ ಹಾಗೇ ನೋಡುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿ. ಮೊಮ್ಮಗನ ಕೋರ್ಸು ಅರ್ಧಕ್ಕೆ ನಿಂತಿತು. ಸೊಸೆಯದೂ ಅರ್ಧಕ್ಕೆ ನಿಂತಿತು. ಅಜ್ಜನ ಕೆಮ್ಮಿಗೆ ಕಾರಣ ಏನೆಂದು ಯಾರೂ ನೋಡಲಿಲ್ಲ. ದಿನಕ್ಕೆ ಒಂದರಂತೆ ನುಂಗಿದ್ದರಿಂದ ರೋಗಾಣು ಸಾಯುವಷ್ಟು ಔಷಧಿಯೂ ದೇಹಕ್ಕೆ ಹೋಗಲಿಲ್ಲ. ಮೂವರಿಗೂ ಉಪಯೋಗವಾಗಲಿಲ್ಲ.

ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಗುಳಿಗೆ ಉಳಿಯಬಾರದು. ಯಾವುದೋ ಕಾರಣಕ್ಕೆ ಔಷಧಿ ಬದಲಾಯಿಸಿ ಉಳಿದರೆ ಅದನ್ನು ನಮ್ಮ ಔಷಧಿ ವಿಭಾಗಕ್ಕೆ ತಂದು ಕೊಡಿ. ನೆರೆಮನೆಗೆ ಕೊಡಬೇಡಿ. ತಿಪ್ಪೆಗೆ, ಗಟಾರಕ್ಕೆ, ಕೆರೆಗೆ ಹಾಕಬೇಡಿ.

ಔಷಧಿಗೆ ಬಗ್ಗದ ರೋಗಾಣು

ಹತ್ತಿ ಬೆಳೆಯುವ ರೈತರಿಗೆ ಈ ಸಂಗತಿ ಬೇಗ ತಿಳಿಯುತ್ತದೆ. ಕಾಯಿಕೊರಕ ಹುಳಕ್ಕೆ ಮೊದಲ ವರ್ಷ ಹೊಡೆದ ಎಣ್ಣೆಗೆ ಹುಳ ಉದುರಿ ಬೀಳುತ್ತಿತ್ತು. ಮೇಲಿಂದ ಮೇಲೆ ಅದೇ ಎಣ್ಣೆ ಹೊಡೆದ ಮೇಲೆ ಹುಳ ಸಾಯಲಿಲ್ಲ. ಯಾಕೆ? ಸಾವಿರ ಹುಳಗಳಲ್ಲಿ ಒಂದೆರಡು ಗಟ್ಟಿ ಹುಳ ಬದುಕಿ ಉಳಿದವು. ಮುಂದೆ ಅವುಗಳ ಸಂತಾನವೇ ಹೊಲ ತುಂಬಿತು. ರೋಗಾಣುವಿನಲ್ಲಿಯೂ ಹೀಗೆಯೇ. ನಾವು ಬೇಡದ ಕಡೆ ಔಷಧಿ ಬಳಸಿದಷ್ಟೂ, ಕಡಿಮೆ ಡೋಸು ನುಂಗಿದಷ್ಟೂ ಮೆದು ರೋಗಾಣುಗಳು ಸತ್ತು ಗಟ್ಟಿ ರೋಗಾಣುಗಳು ಉಳಿಯುತ್ತವೆ. ಕೆಲವು ರೋಗಾಣುಗಳು ಅಮಾಕ್ಸಿಸಿಲಿನ್ನನ್ನು ತುಂಡು ಮಾಡುವ ರಸವನ್ನೇ ತಯಾರಿಸುತ್ತವೆ. ಅದನ್ನು ತಡೆಯಲು ಕ್ಲಾವುಲನಿಕ್ ಆಮ್ಲ ಸೇರಿಸಿದ ಗುಳಿಗೆ ಕೊಡಬೇಕಾಗುತ್ತದೆ. ಅದರ ಬೆಲೆ ಹೆಚ್ಚು, ಹೊಟ್ಟೆಗೆ ತೊಂದರೆಯೂ ಹೆಚ್ಚು.

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರೇ 1945ರ ತಮ್ಮ ನೊಬೆಲ್ ಭಾಷಣದಲ್ಲಿ ಇದನ್ನು ಎಚ್ಚರಿಸಿದ್ದರು. ಗಂಟಲು ನೋವಿಗೆ ಒಬ್ಬಾತ ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ಮಾತ್ರ ತೆಗೆದುಕೊಳ್ಳುತ್ತಾನೆ. ಗಟ್ಟಿಯಾದ ಆ ರೋಗಾಣು ಅವನಿಂದ ಅವನ ಹೆಂಡತಿಗೆ ತಗುಲಿ ನ್ಯುಮೋನಿಯಾ ಆಗುತ್ತದೆ. ಅವಳಿಗೆ ಪೆನಿಸಿಲಿನ್ ನಾಟುವುದಿಲ್ಲ, ಅವಳು ಸಾಯುತ್ತಾಳೆ ಎಂದು ಒಂದು ಕಲ್ಪಿತ ಉದಾಹರಣೆ ಕೊಟ್ಟರು. ತಪ್ಪು ಮಾಡಿದವನು ಒಬ್ಬ, ಜೀವ ಹೋದದ್ದು ಇನ್ನೊಬ್ಬರದು. ಅಂದು ಕಲ್ಪನೆಯಾಗಿದ್ದದ್ದು ಇಂದು ಐಸಿಯುಗಳಲ್ಲಿ ನಡೆಯುತ್ತಿದೆ. 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತರೆಂದು ಅಂದಾಜು ಮಾಡಲಾಗಿದೆ.

ಒಂದು ಗುರುತು ನೆನಪಿಡಿ. ಗುಳಿಗೆ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧಿ. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಇದರ ಬಗ್ಗೆ ಪ್ರಚಾರವನ್ನೇ ನಡೆಸಿತು. ಅಮಾಕ್ಸಿಸಿಲಿನ್ ಆ ಜಾತಿಗೆ ಸೇರಿದ್ದು.

ಮಕ್ಕಳ ಸಿರಪ್ಪು ತಯಾರಿಸುವ ಕ್ರಮ

1. ಬಾಟಲಿಯನ್ನು ಅಂಗೈಗೆ ತಟ್ಟಿ ಪುಡಿ ಸಡಿಲ ಮಾಡಿ.
2. ಕುದಿಸಿ ಪೂರ್ತಿ ಆರಿಸಿದ ನೀರು ಹಾಕಿ. ಬಿಸಿನೀರು ಹಾಕಬೇಡಿ. ಬಾಟಲಿಯ ಜೊತೆ ನೀರಿನ ಟ್ಯೂಬು ಕೊಟ್ಟಿದ್ದರೆ ಅದನ್ನೇ ಬಳಸಿ.
3. ಮೊದಲು ಅರ್ಧದಷ್ಟು ಹಾಕಿ ಚೆನ್ನಾಗಿ ಕುಲುಕಿ. ನಂತರ ಗುರುತಿನ ಗೆರೆಯವರೆಗೆ ತುಂಬಿ ಮತ್ತೆ ಕುಲುಕಿ. ನೊರೆ ಇಳಿದ ಮೇಲೆ ಗೆರೆ ನೋಡಿ. ನೀರು ಹೆಚ್ಚಾದರೆ ಔಷಧಿ ತೆಳುವಾಗುತ್ತದೆ.
4. ಪ್ರತಿ ಸಲವೂ ಕುಲುಕಿ ಕೊಡಿ. ಕುಲುಕದಿದ್ದರೆ ಮೊದಲ ದಿನ ನೀರು, ಕೊನೆಯ ದಿನ ಪುಡಿ ಕೊಟ್ಟಂತೆ ಆಗುತ್ತದೆ.
5. ಅಡಿಗೆಮನೆಯ ಚಮಚದಿಂದ ಅಳೆಯಬೇಡಿ. ಬಾಟಲಿಯ ಜೊತೆಗಿನ ಮುಚ್ಚಳ ಅಥವಾ ಸಿರಿಂಜಿನಿಂದ ಅಳೆಯಿರಿ.
6. ನೀರು ಬೆರೆಸಿದ ತಾರೀಖು ಬಾಟಲಿಯ ಮೇಲೆ ಬರೆಯಿರಿ. ಬಾಟಲಿಯಲ್ಲಿ ಮುದ್ರಿಸಿದಷ್ಟು ದಿನ ಮಾತ್ರ ಬಳಸಿ, ಉಳಿದದ್ದನ್ನು ಇಟ್ಟುಕೊಳ್ಳಬೇಡಿ.

5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ಮಗುವಿನ ತೂಕ ನೋಡಿ ವೈದ್ಯರು ಅಳತೆ ಹೇಳುತ್ತಾರೆ. ಅಣ್ಣನ ಅಳತೆ ತಂಗಿಗೆ ಬರುವುದಿಲ್ಲ.

ಮೊದಲೇ ಹೇಳಬೇಕಾದ ಮಾತು

ಪೆನಿಸಿಲಿನ್ ಜಾತಿಯ ಯಾವುದೇ ಔಷಧಿಯಿಂದ ಹಿಂದೆ ಮೈಮೇಲೆ ಗಂಧೆ ಎದ್ದಿದ್ದರೆ, ಮುಖ ಬಾತಿದ್ದರೆ, ಉಸಿರು ಕಟ್ಟಿದ್ದರೆ ವೈದ್ಯರಿಗೂ ಸಿಸ್ಟರಿಗೂ ತಪ್ಪದೆ ಹೇಳಿ. ಯಾವ ಔಷಧಿ, ಯಾವಾಗ, ಏನಾಯಿತು ಎಂದು ಒಂದು ಚೀಟಿಯಲ್ಲಿ ಬರೆದು ಆಸ್ಪತ್ರೆಯ ಪುಸ್ತಕದ ಜೊತೆ ಇಟ್ಟುಕೊಳ್ಳಿ. ಅಲರ್ಜಿ ಇದೆ ಎಂದುಕೊಂಡವರಲ್ಲಿ ಹೆಚ್ಚಿನವರಿಗೆ ಪರೀಕ್ಷಿಸಿದಾಗ ನಿಜವಾದ ಅಲರ್ಜಿ ಕಾಣುವುದಿಲ್ಲ. ಆದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ನಾವು ನೀವಲ್ಲ. ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗಿಸುವ ವಾರ್ಫರಿನ್, ಮೆಥೊಟ್ರೆಕ್ಸೇಟ್ ಅಥವಾ ಯೂರಿಕ್ ಆಮ್ಲಕ್ಕೆ ಅಲೊಪ್ಯೂರಿನಾಲ್ ತೆಗೆದುಕೊಳ್ಳುವವರೂ ಮೊದಲೇ ತಿಳಿಸಬೇಕು.

ಗುಳಿಗೆ ಶುರುವಾದ ಮೇಲೆ ಸ್ವಲ್ಪ ವಾಕರಿಕೆ, ಮೆತ್ತಗಿನ ಭೇದಿ ಆಗಬಹುದು. ಹೆದರಬೇಡಿ, ನೀರು, ಗಂಜಿ, ಮಜ್ಜಿಗೆ ಕುಡಿಯಿರಿ. ಮೈಮೇಲೆ ದದ್ದು ಎದ್ದರೆ ಮುಂದಿನ ಡೋಸು ನುಂಗದೆ ಆಸ್ಪತ್ರೆಗೆ ಬನ್ನಿ. ಭೇದಿಯಲ್ಲಿ ರಕ್ತ ಬಂದರೆ, ಭೇದಿ ನಿಲ್ಲದಿದ್ದರೆ ಬನ್ನಿ. ತುಟಿ, ನಾಲಗೆ, ಮುಖ ಬಾತು ಉಸಿರಾಡಲು ಕಷ್ಟವಾದರೆ, ತಲೆಸುತ್ತಿ ಬಿದ್ದರೆ ಅದು ತುರ್ತು ಪರಿಸ್ಥಿತಿ. ನಿಂಬೆಹುಳಿ, ಮನೆಮದ್ದು ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ.

ನೀವು ಕೇಳುವ ಪ್ರಶ್ನೆಗಳು

ಊಟಕ್ಕೆ ಮುಂಚೆಯೋ, ನಂತರವೋ? ಹೇಗಾದರೂ ಆಗುತ್ತದೆ. ಹೊಟ್ಟೆ ತೊಳಸುವವರು ಊಟದ ಜೊತೆ ತೆಗೆದುಕೊಳ್ಳಿ.

ಗುಳಿಗೆ ಉಷ್ಣ, ಹಾಲು ಮೊಸರು ಬಿಡಬೇಕೇ? ಬಿಡಬೇಕಾಗಿಲ್ಲ. ಅಮಾಕ್ಸಿಸಿಲಿನ್‌ಗೆ ಪಥ್ಯ ಇಲ್ಲ. ರೋಗಿಗೆ ಊಟ ಕಡಿಮೆ ಮಾಡುವುದೇ ತಪ್ಪು.

ಗುಳಿಗೆ ಬೇಡ, ಒಂದು ಇಂಜೆಕ್ಷನ್ ಹಾಕಿದರೆ ಬೇಗ ಗುಣ ಅಲ್ಲವೇ? ನುಂಗಲು ಆಗದವರಿಗೆ, ಕಾಯಿಲೆ ತೀವ್ರವಾದವರಿಗೆ ಇಂಜೆಕ್ಷನ್ ಬೇಕು. ಉಳಿದವರಿಗೆ ಬಾಯಿಂದ ಕೊಟ್ಟ ಅಮಾಕ್ಸಿಸಿಲಿನ್ ಸಾಕಷ್ಟು ರಕ್ತ ಸೇರುತ್ತದೆ.

ಇದಕ್ಕಿಂತ ಜೋರು ಗುಳಿಗೆ ಬರೆಯಿರಿ ಎಂದರೆ? ವಿಶ್ವ ಆರೋಗ್ಯ ಸಂಸ್ಥೆ ಈ ಔಷಧಿಗಳನ್ನು ಮೂರು ಗುಂಪು ಮಾಡಿದೆ: ಮೊದಲು ಬಳಸುವವು, ಎಚ್ಚರದಿಂದ ಬಳಸುವವು, ಕೊನೆಗೆಂದು ಕಾಯ್ದಿರಿಸಿದವು. ಅಮಾಕ್ಸಿಸಿಲಿನ್ ಮೊದಲ ಗುಂಪಿನದು. ಮೊದಲ ಗುಂಪಿನಿಂದ ಆಗುವ ಕೆಲಸಕ್ಕೆ ಕೊನೆಯದನ್ನು ಖರ್ಚು ಮಾಡಿದರೆ ನಿಜವಾಗಿ ಬೇಕಾದಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಬಸುರಿ, ಬಾಣಂತಿಯರು ತೆಗೆದುಕೊಳ್ಳಬಹುದೇ? ವೈದ್ಯರು ಬೇಕೆಂದು ಬರೆದರೆ ತೆಗೆದುಕೊಳ್ಳಬಹುದು. ಮೊಲೆಹಾಲು ನಿಲ್ಲಿಸಬೇಕಾಗಿಲ್ಲ.

ವೈದ್ಯರು ಗುಳಿಗೆಯನ್ನೇ ಬರೆಯಲಿಲ್ಲ, ಬಂದದ್ದು ವ್ಯರ್ಥವಾಯಿತೇ? ಇಲ್ಲ. ಪರೀಕ್ಷಿಸಿ ಬೇಡ ಎಂದು ಹೇಳುವುದೂ ಚಿಕಿತ್ಸೆಯೇ. ಎಷ್ಟು ದಿನದಲ್ಲಿ ಕಡಿಮೆಯಾಗಬೇಕು, ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕು ಎಂದು ಕೇಳಿ ತಿಳಿದುಕೊಂಡು ಹೋಗಿ.

ಮನೆಗೆ ಹೋಗುವ ಮುನ್ನ

ಸೋಂಕೇ ಬಾರದಿದ್ದರೆ ಗುಳಿಗೆಯೂ ಬೇಡ. ಊಟಕ್ಕೆ ಮುಂಚೆ, ಶೌಚದ ನಂತರ, ಕೂಸನ್ನು ಎತ್ತಿಕೊಳ್ಳುವ ಮುಂಚೆ ಸಾಬೂನಿನಿಂದ ಕೈ ತೊಳೆಯಿರಿ. ಕೂಸಿಗೆ 6, 10, 14 ವಾರಕ್ಕೆ ಪೆಂಟಾವಲೆಂಟ್ ಲಸಿಕೆ, 6 ಮತ್ತು 14 ವಾರಕ್ಕೆ ಹಾಗೂ 9 ತಿಂಗಳಿಗೆ ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಹಾಕುತ್ತಾರೆ, ತಪ್ಪಿಸಬೇಡಿ. ಒಲೆಯ ಹೊಗೆ, ಬೀಡಿಯ ಹೊಗೆ ಮಗುವಿನ ಹತ್ತಿರ ಬಾರದಂತೆ ನೋಡಿಕೊಳ್ಳಿ.

ಕೊನೆಗೆ ಐದು ಮಾತು ನೆನಪಿಡಿ:

1. ಚೀಟಿ ಇಲ್ಲದೆ ಅಮಾಕ್ಸಿಸಿಲಿನ್ ಕೊಳ್ಳಬೇಡಿ.
2. ಹೇಳಿದ ಹೊತ್ತಿಗೆ, ಹೇಳಿದ ಅಳತೆಯಲ್ಲಿ ತೆಗೆದುಕೊಳ್ಳಿ.
3. ಹೇಳಿದಷ್ಟು ದಿನ ತೆಗೆದುಕೊಳ್ಳಿ.
4. ನಿಮ್ಮ ಗುಳಿಗೆ ಇನ್ನೊಬ್ಬರಿಗೆ ಕೊಡಬೇಡಿ, ಇನ್ನೊಬ್ಬರದು ನೀವು ನುಂಗಬೇಡಿ.
5. ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ ಔಷಧಿ ಬದಲಿಸುವುದು ಅಂಗಡಿಯವರ ಕೆಲಸವಲ್ಲ, ಮತ್ತೆ ವೈದ್ಯರಿಗೆ ತೋರಿಸಿ.

ಚೀಟಿಯಲ್ಲಿ ಬರೆದದ್ದು ತಿಳಿಯದಿದ್ದರೆ ಸಂಕೋಚ ಪಡದೆ ವಾರ್ಡಿನ ಸಿಸ್ಟರನ್ನು ಕೇಳಿ. ಎರಡು ಸಲವಲ್ಲ, ಹತ್ತು ಸಲ ಕೇಳಿದರೂ ಹೇಳುವುದು ನಮ್ಮ ಕೆಲಸ. ನಿಮ್ಮಲ್ಲಿ ಈ ವಾರ ಮನೆಗೆ ಹೋಗುವವರು ಗುಳಿಗೆ ಕವರನ್ನು ಈಗಲೇ ತಂದರೆ ಯಾವುದು ಯಾವ ಹೊತ್ತಿಗೆ ಎಂದು ಅದರ ಮೇಲೆ ಬರೆದುಕೊಡುತ್ತೇನೆ.